ಅದು ದಾನವಲ್ಲ, ಹಿಂಬಾಕಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕುರಿತು ಬಂದ ಲೇಖನವನ್ನು ಎರಡು ಸಲ ಓದಿದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಸತ್ತ ಪಾಲುದಾರನ ಭೂತವೂ, ಆಮೇಲೆ ಹಿಂದಿನ, ಇಂದಿನ, ಮುಂದಿನ ಕ್ರಿಸ್‌ಮಸ್‌ಗಳನ್ನು ತೋರಿಸುವ ಮೂರು ಭೂತಗಳೂ ಬಂದು ಒಬ್ಬ ಜಿಪುಣ ವ್ಯಾಪಾರಿಯನ್ನು ಬದಲಾಯಿಸುವ ಕಥೆ ಅದು. ಕಥೆಯನ್ನು ಹೊಸದಾಗಿ ಕೇಳುವವರಿಗೆ ಲೇಖನ ಒಳ್ಳೆಯ ಪರಿಚಯವೇ. ಆದರೆ ಕೊನೆಯಲ್ಲಿ ಲೇಖಕರು, ಎಂಜಲು ಕೈಯಲ್ಲಿ ಕಾಗೆ ಓಡಿಸದ ಮುದುಕ ಎಬನೀಜರ್ ಸ್ಕ್ರೂಜ್ ಒಂದೇ ರಾತ್ರಿಯಲ್ಲಿ ದಾನಶೂರನಾದ ಎಂದು ಬರೆದು, ಇದೊಂದು ಸರಳ ನೀತಿಕಥೆ ಎಂದು ಷರಾ ಬರೆದು ಮುಗಿಸಿದ್ದಾರೆ. ಆ ‘ದಾನಶೂರ’ ಎಂಬ ಪದ ನನ್ನನ್ನು ವಾರವಿಡೀ ಕಾಡಿತು. ಸ್ಕ್ರೂಜ್ ದಾನ ಮಾಡಲಿಲ್ಲ. ಕೊಡಬೇಕಾಗಿದ್ದ ಬಾಕಿಯನ್ನು ಕೊಟ್ಟ. ಇದನ್ನು ನಾನು ಹೊಸದಾಗಿ ಹುಡುಕಿ ಹೇಳುತ್ತಿಲ್ಲ. ಕಥೆಯಲ್ಲಿ ಅವನ ಬಾಯಿಂದಲೇ ಬಂದಿರುವ ಮಾತು. ಅಲ್ಲಿಗೆ ಆಮೇಲೆ ಬರುತ್ತೇನೆ.

ನಾನು 34 ವರ್ಷ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆದವಳು. ಹಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತೆಂದರೆ ಅದು ಯಾವ ಬಾಬ್ತು ಎಂದು ಕೇಳದೆ ನನಗೆ ಸಮಾಧಾನವಿಲ್ಲ. ಕಥೆ ಓದುವಾಗಲೂ ಅದೇ ಅಭ್ಯಾಸ. ಶಾಲೆಯಲ್ಲಿ ಇದರ ಸಂಕ್ಷಿಪ್ತ ರೂಪವನ್ನು ಪಾಠವಾಗಿ ಓದಿದ್ದೆ. ಮೂರು ಭೂತಗಳು, ಒಬ್ಬ ಕುಂಟ ಹುಡುಗ, ಒಂದು ದೊಡ್ಡ ಟರ್ಕಿ ಕೋಳಿ, ಇಷ್ಟೇ ನೆನಪಿನಲ್ಲಿ ಉಳಿದಿತ್ತು. ನಿವೃತ್ತಿಯಾದ ಮೇಲೆ ಮೂಲವನ್ನು ಪೂರ್ತಿ ಓದಿದೆ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಮೊತ್ತಗಳನ್ನು ಬರೆದುಕೊಳ್ಳುತ್ತಾ ಹೋದಂತೆ ಈ ಕಥೆ ಎಷ್ಟು ಕಟ್ಟುನಿಟ್ಟಾದ ಲೆಕ್ಕದ ಮೇಲೆ ನಿಂತಿದೆ ಎಂಬುದು ಕಾಣಿಸಿತು.

ಒಂದೇ ಒಂದು ನಾಣ್ಯದ ಉದಾಹರಣೆ ಕೊಡುತ್ತೇನೆ. ಆಗಿನ ಇಂಗ್ಲೆಂಡಿನಲ್ಲಿ 12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್. ಸ್ಕ್ರೂಜ್‌ನ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಸಂಬಳ ವಾರಕ್ಕೆ 15 ಶಿಲಿಂಗ್. ಶಿಲಿಂಗ್‌ಗೆ ಆಡುಮಾತಿನಲ್ಲಿ ‘ಬಾಬ್’ ಎನ್ನುತ್ತಿದ್ದರು. ಹಾಗಾಗಿ ಅವನು ಶನಿವಾರ ಶನಿವಾರ ತನ್ನದೇ ಹೆಸರಿನ ಹದಿನೈದು ಪ್ರತಿಗಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ ಎಂದು ಡಿಕನ್ಸ್ ಬರೆಯುತ್ತಾನೆ. ವಾರದಲ್ಲಿ ಆರು ದಿನ ಕೆಲಸ. 15ನ್ನು 6ರಿಂದ ಭಾಗಿಸಿದರೆ ದಿನಕ್ಕೆ ಎರಡೂವರೆ ಶಿಲಿಂಗ್. ಎರಡೂವರೆ ಶಿಲಿಂಗ್‌ಗೆ ಆಗ ಒಂದೇ ಬೆಳ್ಳಿ ನಾಣ್ಯವಿತ್ತು, ಹಾಫ್ ಕ್ರೌನ್ ಎಂದು ಅದರ ಹೆಸರು. ಕ್ರಿಸ್‌ಮಸ್ ಹಿಂದಿನ ಸಂಜೆ ಕಚೇರಿ ಮುಚ್ಚುವಾಗ ಸ್ಕ್ರೂಜ್ ಗುಮಾಸ್ತನನ್ನು ದಿಟ್ಟಿಸಿ, ನಾಳೆ ಇಡೀ ದಿನ ರಜೆ ಬೇಕೇನೋ, ಅದಕ್ಕೆ ಹಾಫ್ ಕ್ರೌನ್ ಮುರಿದುಕೊಂಡರೆ ನಿನಗೆ ಅನ್ಯಾಯವಾಯಿತು ಎನ್ನುತ್ತೀ, ಕೆಲಸವಿಲ್ಲದ ದಿನಕ್ಕೆ ನಾನು ಕೂಲಿ ಕೊಟ್ಟರೆ ಮಾತ್ರ ನನಗೆ ಅನ್ಯಾಯವಾಯಿತು ಎನ್ನುವುದಿಲ್ಲ ಎಂದು ಗೊಣಗುತ್ತಾನೆ. ಹಾಫ್ ಕ್ರೌನ್ ಎಂಬ ಮಾತು ಸುಮ್ಮನೆ ಬಾಯಿಗೆ ಬಂದದ್ದಲ್ಲ. ಅದು ಬಾಬ್‌ನ ಒಂದು ದಿನದ ಸಂಬಳ, ಒಂದು ಪೆನ್ನಿಯೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಈಗ ಕಥೆಯ ಕೊನೆಯ ಭಾಗಕ್ಕೆ ಬನ್ನಿ. ರಾತ್ರಿಯ ದರ್ಶನಗಳು ಮುಗಿದಿವೆ. ಸ್ಕ್ರೂಜ್ ಕಿಟಕಿ ತೆರೆದು ಬೀದಿಯಲ್ಲಿದ್ದ ಹುಡುಗನೊಬ್ಬನನ್ನು ಕೂಗುತ್ತಾನೆ. ಕೋಳಿ ಅಂಗಡಿಯಲ್ಲಿ ತೂಗುಹಾಕಿದ್ದ ಆ ದೊಡ್ಡ ಟರ್ಕಿಯನ್ನು ಅಂಗಡಿಯವನ ಸಮೇತ ಕರೆದುಕೊಂಡು ಬಾ, ಒಂದು ಶಿಲಿಂಗ್ ಕೊಡುತ್ತೇನೆ. ಐದು ನಿಮಿಷದೊಳಗೆ ಬಂದರೆ ಹಾಫ್ ಕ್ರೌನ್ ಕೊಡುತ್ತೇನೆ ಎನ್ನುತ್ತಾನೆ. ಅದೇ ನಾಣ್ಯ! ನಿನ್ನೆ ಸಂಜೆ ಗುಮಾಸ್ತನ ಇಡೀ ದಿನದ ದುಡಿಮೆಯ ಬೆಲೆಯಾಗಿದ್ದದ್ದು, ಮುರಿದುಕೊಳ್ಳಲು ಆಗದೆ ಹೊಟ್ಟೆ ಉರಿಸಿದ್ದು, ಈ ಬೆಳಿಗ್ಗೆ ಬೀದಿಯ ಹುಡುಗನ ಐದು ನಿಮಿಷದ ಓಟಕ್ಕೆ ಸಲ್ಲುತ್ತದೆ. ಈ ಎರಡು ಹಾಫ್ ಕ್ರೌನ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇದನ್ನು ಸರಳ ನೀತಿಕಥೆ ಎಂದರೆ ನನಗೆ ಹೇಗೆ ಒಪ್ಪಿಗೆಯಾದೀತು?

ಮಾತಿನಲ್ಲಿರುವ ಕೊಂಕಿಗೆ ನಾವು ವ್ಯಂಗ್ಯ ಎನ್ನುತ್ತೇವೆ, ಘಟನೆಯಲ್ಲಿರುವ ಕೊಂಕಿಗೆ ವಿಪರ್ಯಾಸ ಎನ್ನುತ್ತೇವೆ. ಈ ಕಥೆಯಲ್ಲಿ ಇವೆರಡೂ ಒಂದೇ ಹಗ್ಗದ ಎರಡು ಎಳೆಗಳು. ಮೊದಲ ಭಾಗದಲ್ಲಿ ಸ್ಕ್ರೂಜ್ ಆಡಿದ ಪ್ರತಿಯೊಂದು ಕಟುಮಾತೂ ಮುಂದಿನ ಭಾಗಗಳಲ್ಲಿ ಯಾವುದಾದರೂ ಒಂದು ರೂಪದಲ್ಲಿ ಅವನ ಬಾಗಿಲಿಗೇ ಬಂದು ನಿಲ್ಲುತ್ತದೆ. ಅವನನ್ನು ಬದಲಾಯಿಸಿದ್ದು ಉಪದೇಶವಲ್ಲ, ಅವನ ಮಾತುಗಳೇ.

ಬಡವರಿಗಾಗಿ ಚಂದಾ ಎತ್ತುವ ಇಬ್ಬರು ಮಹನೀಯರು ಕಚೇರಿಗೆ ಬರುತ್ತಾರಲ್ಲ, ಅಲ್ಲಿಂದ ಶುರು. ಬಾಗಿಲ ಮೇಲಿನ ಫಲಕದಲ್ಲಿ ಸ್ಕ್ರೂಜ್ ಮತ್ತು ಮಾರ್ಲಿ ಎಂದು ಎರಡು ಹೆಸರಿದೆ. ಪಾಲುದಾರ ಜೇಕಬ್ ಮಾರ್ಲಿ ತೀರಿಕೊಂಡು ಅಂದಿಗೆ ಸರಿಯಾಗಿ ಏಳು ವರ್ಷ. ಸ್ಕ್ರೂಜ್ ಆ ಹೆಸರನ್ನು ಅಳಿಸಿಲ್ಲ. ಬಂದವರು, ಮಾರ್ಲಿಯವರ ಔದಾರ್ಯ ಬದುಕಿರುವ ಪಾಲುದಾರರಲ್ಲಿಯೂ ಹಾಗೆಯೇ ಉಳಿದಿದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ ಎನ್ನುತ್ತಾರೆ. ಅವರದು ಶುದ್ಧ ಸೌಜನ್ಯ, ಆದರೆ ಓದುಗನಿಗೆ ಚುರುಕು ಮುಟ್ಟುತ್ತದೆ: ನಿಜವೇ, ಇಬ್ಬರ ಔದಾರ್ಯವೂ ಒಂದೇ ಅಳತೆಯದು. ತಮ್ಮ ಹೆಸರಿನಲ್ಲಿ ಎಷ್ಟು ಬರೆದುಕೊಳ್ಳಲಿ ಎಂದು ಕೇಳಿದರೆ, ಏನೂ ಬೇಡ ಎನ್ನುತ್ತಾನೆ ಸ್ಕ್ರೂಜ್. ಹೆಸರು ಹಾಕುವುದು ಬೇಡವೇ ಎಂದು ಅವರು ಅರ್ಥ ಮಾಡಿಕೊಳ್ಳುತ್ತಾರೆ. ಒಳ್ಳೆಯ ಮನಸ್ಸಿನವರಿಗೆ ಕೆಟ್ಟದ್ದು ಸುಲಭವಾಗಿ ತಿಳಿಯುವುದಿಲ್ಲ.

ಅಲ್ಲಿ ಸ್ಕ್ರೂಜ್ ಕೇಳುವ ಪ್ರಶ್ನೆಗಳು ಪ್ರಸಿದ್ಧವಾದವು. ಜೈಲುಗಳಿಲ್ಲವೇ? ವರ್ಕ್‌ಹೌಸ್‌ಗಳು ನಡೆಯುತ್ತಿಲ್ಲವೇ? ವರ್ಕ್‌ಹೌಸ್ ಎಂದರೆ ನಿರ್ಗತಿಕರನ್ನು ಸೇರಿಸಿಕೊಂಡು ದುಡಿಸುತ್ತಿದ್ದ ಮನೆ. 1834ರ ಕಾಯ್ದೆಯ ನಂತರ ದುಡಿಯಬಲ್ಲ ಬಡವರಿಗೆ ನೆರವು ಬೇಕಿದ್ದರೆ ಅದರೊಳಗೇ ಬರಬೇಕು ಎಂಬುದು ನಿಯಮವಾಯಿತು. ಗಂಡ, ಹೆಂಡತಿ, ಮಕ್ಕಳನ್ನು ಒಳಗೆ ಬೇರೆ ಬೇರೆ ಇಡುತ್ತಿದ್ದರು. ಹೊರಗೆ ಅತಿ ಕಡಿಮೆ ಕೂಲಿಗೆ ದುಡಿಯುವವನ ಬಾಳಿಗಿಂತ ಒಳಗಿನ ಬಾಳು ಹೀನವಾಗಿರಬೇಕು, ಇಲ್ಲವಾದರೆ ಎಲ್ಲರೂ ಬಂದುಬಿಡುತ್ತಾರೆ ಎಂಬುದು ಆಳುವವರ ತರ್ಕ. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ಮೇಲು ಎನ್ನುವವರಿದ್ದಾರೆ ಎಂದು ಆ ಮಹನೀಯರು ಹೇಳಿದಾಗ, ಸಾಯುವುದಾದರೆ ಸಾಯಲಿ, ಹೆಚ್ಚುವರಿ ಜನಸಂಖ್ಯೆಯಾದರೂ ಕಡಿಮೆಯಾಗುತ್ತದೆ ಎನ್ನುತ್ತಾನೆ. ಇದು ಒಬ್ಬ ಜಿಪುಣನ ಸ್ವಂತ ದುಷ್ಟತನ ಎಂದು ತಿಳಿಯಬಾರದು. 1798ರಲ್ಲಿ ಅರ್ಥಶಾಸ್ತ್ರಜ್ಞ ತಾಮಸ್ ಮಾಲ್ತಸ್, ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ ಎಂದು ಪ್ರಬಂಧ ಬರೆದ ಮೇಲೆ ಈ ಬಗೆಯ ಮಾತು ವಿದ್ಯಾವಂತರ, ಮರ್ಯಾದಸ್ಥರ ನಡುವೆ ಓಡಾಡುತ್ತಿತ್ತು. ಸ್ಕ್ರೂಜ್ ಅದನ್ನು ಮುಚ್ಚುಮರೆಯಿಲ್ಲದೆ ಆಡಿದ.

ಲೆಕ್ಕದವಳಾದ ನಾನು ಈ ದೃಶ್ಯದಲ್ಲಿ ಇನ್ನೊಂದು ಮಾತಿಗೆ ಗೆರೆ ಎಳೆದಿದ್ದೇನೆ. ಈ ಸಂಸ್ಥೆಗಳನ್ನು ನಡೆಸಲು ನಾನು ಹಣ ಕೊಡುತ್ತಿದ್ದೇನೆ, ಅವಕ್ಕೆ ಸಾಕಷ್ಟು ಖರ್ಚಾಗುತ್ತಿದೆ ಎನ್ನುತ್ತಾನೆ. ಅಂದರೆ ಅವನ ಪುಸ್ತಕದಲ್ಲಿ ಬಡವರ ಖಾತೆ ಚುಕ್ತಾ ಆಗಿದೆ. ತೆರಿಗೆ ಕಟ್ಟಿದ್ದೇನೆ, ರಸೀದಿ ಇದೆ, ಇನ್ನೇನು ಬಾಕಿ? ಅವನು ಸುಳ್ಳು ಲೆಕ್ಕ ಬರೆದವನಲ್ಲ, ಖಾತೆಯನ್ನೇ ತೆರೆಯದವನು. ಮುಂದೆ ಅವನ ಮಾತು ಹಿಂದಿರುಗಿ ಬರುವುದು ಈ ತೆರೆಯದ ಖಾತೆಯಿಂದಲೇ.

ಹಿಂದಿರುಗಿ ಬರುವ ರೀತಿ ನೋಡಿ. ಬಾಬ್‌ನ ನಾಲ್ಕು ಕೋಣೆಯ ಮನೆಯಲ್ಲಿ ಊನಗಾಲಿನ ಮಗು ಟೈನಿ ಟಿಮ್‌ನನ್ನು ಕಂಡು ಸ್ಕ್ರೂಜ್‌ನ ಮನಸ್ಸು ಕರಗುತ್ತದೆ. ಈ ಮಗು ಬದುಕುತ್ತದೆಯೇ ಎಂದು ಜೊತೆಗಿದ್ದ ಇಂದಿನ ಕ್ರಿಸ್‌ಮಸ್‌ನ ಭೂತವನ್ನು ಕೇಳುತ್ತಾನೆ. ಅದರ ಉತ್ತರ: ಸಾಯುವುದಾದರೆ ಸಾಯಲಿ, ಹೆಚ್ಚುವರಿ ಜನಸಂಖ್ಯೆ ಕಡಿಮೆಯಾಗುತ್ತದೆ. ಒಂದಕ್ಷರ ಸೇರಿಸಲಿಲ್ಲ. ಸ್ಕ್ರೂಜ್ ತಲೆ ತಗ್ಗಿಸಿದ. ಹೆಚ್ಚುವರಿ ಎಂಬುದು ಅಂಕಿಯಾಗಿದ್ದಾಗ ಅವನಿಗೆ ಬಾಧೆಯಿರಲಿಲ್ಲ; ಊರುಗೋಲು ಹಿಡಿದ ಒಂದು ಮಗುವಾಗಿ ಕಂಡಾಗ ಉಸಿರು ಕಟ್ಟಿತು. ಆ ಭಾಗದ ಕೊನೆಯಲ್ಲಿ ಭೂತದ ನಿಲುವಂಗಿಯೊಳಗಿಂದ ಇಬ್ಬರು ಒಣಗಿದ ಮಕ್ಕಳು ಹೊರಗೆ ಬರುತ್ತಾರೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ಕೊರತೆ. ಇವರಿಗೆ ಆಸರೆಯೇ ಇಲ್ಲವೇ ಎಂದು ಸ್ಕ್ರೂಜ್ ಕೇಳಿದರೆ ಮತ್ತೆ ಅವನದೇ ಮಾತು: ಜೈಲುಗಳಿಲ್ಲವೇ? ವರ್ಕ್‌ಹೌಸ್‌ಗಳಿಲ್ಲವೇ? ಅಷ್ಟರಲ್ಲಿ ಗಂಟೆ ಹನ್ನೆರಡು ಹೊಡೆಯುತ್ತದೆ, ಭೂತ ಮಾಯವಾಗುತ್ತದೆ. ಉತ್ತರ ಹೇಳಬೇಕಾದವನು ಈಗ ಪ್ರಶ್ನೆ ಹಾಕಿದವನೇ.

1843ರ ಆರಂಭದಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಯ ಬಗ್ಗೆ ಸರ್ಕಾರಿ ಆಯೋಗವೊಂದರ ವರದಿ ಹೊರಬಂದಿತ್ತು. ಅದನ್ನು ಓದಿದ ಡಿಕನ್ಸ್ ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಲು ಹೊರಟಿದ್ದ. ಆಮೇಲೆ ಆ ಯೋಚನೆ ಬಿಟ್ಟು ಕಥೆ ಬರೆದ. ಕರಪತ್ರ ಬರೆದಿದ್ದರೆ ಅದು ಅಂದಿಗೇ ಮುಗಿದುಹೋಗುತ್ತಿತ್ತೇನೋ. ಈ ಇಬ್ಬರು ಮಕ್ಕಳು ಇವತ್ತಿಗೂ ಕಣ್ಣಮುಂದೆ ನಿಲ್ಲುತ್ತಾರೆ.

ನಾಲ್ಕನೆಯ ಸಲ ಓದುವವರೆಗೂ ನಾನು ಗಮನಿಸದೇ ಇದ್ದ ಒಂದು ಪುಟ್ಟ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಆಗ ಲಂಡನ್ನಿನ ಬಡವರ ಮನೆಗಳಲ್ಲಿ ದೊಡ್ಡ ಅಡುಗೆಗೆ ಬೇಕಾದ ಒಲೆ ಇರಲಿಲ್ಲ. ಭಾನುವಾರ, ಹಬ್ಬಗಳಲ್ಲಿ ಬ್ರೆಡ್ ಅಂಗಡಿಯವರ ಒಲೆಗೆ ತಮ್ಮ ಊಟವನ್ನು ಒಯ್ದು ಬೇಯಿಸಿಕೊಂಡು ಬರುತ್ತಿದ್ದರು. ಭಾನುವಾರ ಎಲ್ಲವನ್ನೂ ಮುಚ್ಚಿಸಬೇಕೆಂದು ಸರ್ ಆಂಡ್ರ್ಯೂ ಆಗ್ನ್ಯೂ ಎಂಬ ಸಂಸದರು 1830ರ ದಶಕದಲ್ಲಿ ಮಸೂದೆಯ ಮೇಲೆ ಮಸೂದೆ ತಂದರು. ಕಥೆಯಲ್ಲಿ ಇದನ್ನು ವಿರೋಧಿಸುವವನು ಯಾರು ಗೊತ್ತೇ? ಸ್ಕ್ರೂಜ್! ಏಳು ದಿನಕ್ಕೊಮ್ಮೆಯಾದರೂ ಬಿಸಿ ಊಟ ಸಿಗುವ ದಾರಿಯನ್ನು ಈ ಜನರಿಂದ ಯಾಕೆ ಕಿತ್ತುಕೊಳ್ಳುತ್ತೀರಿ ಎಂದು ಭೂತವನ್ನೇ ದಬಾಯಿಸುತ್ತಾನೆ. ನಮ್ಮ ಹೆಸರು ಹೇಳಿಕೊಂಡು ಬೇರೆಯವರು ಮಾಡುವ ಕೆಲಸ ಅದು, ಅವರ ಪಾಪವನ್ನು ಅವರ ತಲೆಗೇ ಕಟ್ಟು ಎನ್ನುತ್ತದೆ ಭೂತ. ಬಡವನ ಹೊಟ್ಟೆಯ ಪರವಾಗಿ ಈ ಮನುಷ್ಯ ಇಡೀ ಕಥೆಯಲ್ಲಿ ಮೊದಲು ಬಾಯಿ ತೆರೆದದ್ದು ಹೀಗೆ, ತನಗೇ ತಿಳಿಯದಂತೆ.

ಮಾರ್ಲಿಯ ಭೂತದ ಸರಪಳಿಯ ಬಗ್ಗೆ ನಿಮ್ಮ ಲೇಖಕರು ಬರೆದಿದ್ದಾರೆ. ಹಣದ ಪೆಟ್ಟಿಗೆ, ಕೀಲಿಕೈ, ಬೀಗ, ಲೆಡ್ಜರ್, ಕ್ರಯಪತ್ರ, ಉಕ್ಕಿನ ಹಣದ ಚೀಲ, ಇವೇ ಅದರ ಕೊಂಡಿಗಳು. ಲೆಡ್ಜರ್ ಎಂಬ ಪದ ಕಂಡಾಗ ನನಗೆ ನನ್ನ ಮೇಜು ಕಣ್ಣಿಗೆ ಕಟ್ಟಿತು. ಆದರೆ ಅವರು ಬಿಟ್ಟುಬಿಟ್ಟ ಒಂದು ಚಿತ್ರವಿದೆ, ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅದಕ್ಕಿಂತ ಭಯಂಕರವಾದದ್ದು ಇಲ್ಲ. ಮಾರ್ಲಿ ಹೊರಟುಹೋದ ಮೇಲೆ ಸ್ಕ್ರೂಜ್ ಕಿಟಕಿಯಿಂದ ನೋಡುತ್ತಾನೆ. ಗಾಳಿಯ ತುಂಬ ಭೂತಗಳು. ಬಿಳಿ ವೇಸ್ಟ್‌ಕೋಟ್ ತೊಟ್ಟ ಒಬ್ಬ ಮುದುಕನ ಗುರುತು ಅವನಿಗೆ ಹಿಡಿಯುತ್ತದೆ. ಅವನ ಕಾಲಿಗೆ ಭಾರೀ ಕಬ್ಬಿಣದ ತಿಜೋರಿ ಕಟ್ಟಿದೆ. ಕೆಳಗೆ ಮನೆಯೊಂದರ ಮೆಟ್ಟಿಲ ಮೇಲೆ ಕೂಸನ್ನು ಹಿಡಿದುಕೊಂಡು ಕುಳಿತಿರುವ ಹೆಂಗಸಿಗೆ ಏನೂ ಕೊಡಲಾಗದೆ ಆ ಭೂತ ಗೋಳಾಡುತ್ತಿದೆ. ತಿಜೋರಿ ಇದೆ, ಮನಸ್ಸೂ ಇದೆ. ಕೊಡುವ ಶಕ್ತಿ ಹೋಗಿದೆ. ಡಿಕನ್ಸ್‌ನ ನರಕದಲ್ಲಿ ಬೆಂಕಿ ಇಲ್ಲ. ಕೊಡಬೇಕೆಂಬ ಆಸೆ ತಡವಾಗಿ ಹುಟ್ಟುವುದೇ ಅಲ್ಲಿನ ಶಿಕ್ಷೆ.

ಫೆಝಿವಿಗ್ ಎಂಬ ಸ್ಕ್ರೂಜ್‌ನ ಹಳೆಯ ಯಜಮಾನ ತನ್ನ ಕೆಲಸಗಾರರಿಗಾಗಿ ನಡೆಸಿದ ಕುಣಿತದ ಪ್ರಸಂಗವನ್ನು ಎಲ್ಲರೂ ನೆನೆಯುತ್ತಾರೆ. ಖರ್ಚಾದದ್ದು ಮೂರು ನಾಲ್ಕು ಪೌಂಡ್ ಇರಬಹುದು, ಇಷ್ಟಕ್ಕೇ ಇವನನ್ನು ಹೊಗಳಬೇಕೇ ಎಂದು ಹಿಂದಿನ ಕ್ರಿಸ್‌ಮಸ್‌ನ ಭೂತ ಬೇಕೆಂದೇ ಕೆಣಕುತ್ತದೆ. ಸ್ಕ್ರೂಜ್ ಸಿಡಿದೇಳುತ್ತಾನೆ. ಯಜಮಾನನ ಒಂದು ನೋಟ, ಒಂದು ಮಾತು ನಮ್ಮ ಕೆಲಸವನ್ನು ಹಗುರ ಮಾಡಬಲ್ಲದು, ಭಾರವನ್ನೂ ಮಾಡಬಲ್ಲದು. ಅವನ್ನು ಕೂಡಿಸಿ ಲೆಕ್ಕ ಹಾಕಲಾಗುವುದಿಲ್ಲ ಎನ್ನುತ್ತಾನೆ. ಕೂಡುವುದು ಕಳೆಯುವುದನ್ನು ಬಿಟ್ಟು ಬೇರೇನನ್ನೂ ನಂಬದ ಮನುಷ್ಯನ ಬಾಯಲ್ಲಿ ಈ ಮಾತು! ಆಡಿದ ಮರುಕ್ಷಣ ತಡೆದು ನಿಲ್ಲುತ್ತಾನೆ. ಈಗ ನನ್ನ ಗುಮಾಸ್ತನಿಗೆ ಒಂದೆರಡು ಮಾತು ಹೇಳಬೇಕೆನಿಸುತ್ತಿದೆ ಎನ್ನುತ್ತಾನೆ. ಭೂತ ಬೋಧಿಸಿದ್ದರೆ ಇದು ಆಗುತ್ತಿರಲಿಲ್ಲ. ಅದು ಸ್ಕ್ರೂಜ್‌ನಂತೆ ಮಾತನಾಡಿತು, ಅದಕ್ಕೇ ಸ್ಕ್ರೂಜ್ ಮನುಷ್ಯನಂತೆ ಮಾತನಾಡಬೇಕಾಯಿತು.

ಮುಂದಿನ ವರ್ಷಗಳ ದರ್ಶನದಲ್ಲಿ ಹಳೇ ಜೋ ಎಂಬವನ ಗುಜರಿ ಅಂಗಡಿ ಬರುತ್ತದೆ. ಸತ್ತ ಯಾರೋ ಒಬ್ಬನ ಮನೆಯಿಂದ ಮೂವರು ಗಂಟು ಕಟ್ಟಿಕೊಂಡು ಬಂದಿದ್ದಾರೆ. ಬೆಳ್ಳಿ ಚಮಚ, ಹಾಸಿನ ಬಟ್ಟೆ, ಬೂಟು, ಕಂಬಳಿ, ಹೆಣದ ಮೈಮೇಲಿದ್ದ ಒಳ್ಳೆಯ ಅಂಗಿ, ಉಂಗುರಗಳ ಸಮೇತ ಕಿತ್ತು ತಂದ ಮಂಚದ ಪರದೆ. ಜೋ ಒಂದೊಂದಕ್ಕೂ ಬೆಲೆ ಕಟ್ಟಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೂಡುತ್ತಾನೆ. ಸ್ಕ್ರೂಜ್ ನಿಂತು ನೋಡುತ್ತಿದ್ದಾನೆ, ಅಸಹ್ಯಪಡುತ್ತಿದ್ದಾನೆ. ಅದು ತನ್ನದೇ ಆಸ್ತಿಯ ಕೊನೆಯ ಲೆಕ್ಕ ಎಂಬುದು ನಮಗೆ ಗೊತ್ತು, ಅವನಿಗೆ ತಿಳಿದಿಲ್ಲ. ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ ಎಂದು ಚಿಕ್ಕಂದಿನಿಂದ ಕೇಳುತ್ತಾ ಬಂದವರು ನಾವು. ಅದು ಗೋಡೆಯ ಮೇಲೆ ಸುಣ್ಣದ ಗೆರೆಗಳಾಗಿ ಮೂಡಿದ್ದನ್ನು ಕಂಡದ್ದು ನಾನು ಈ ಪುಟದಲ್ಲಿ. ಬದುಕಿದ್ದಾಗ ಎಲ್ಲರನ್ನೂ ಹೆದರಿಸಿ ದೂರ ಓಡಿಸಿದ, ಸತ್ತ ಮೇಲೆ ನಮಗೆ ಲಾಭವಾಗಲಿ ಎಂದು, ಎಂಬ ಅರ್ಥದ ಮಾತಾಡಿ ಕೆಲಸದವಳು ನಗುತ್ತಾಳೆ. ಮರುದಿನ ಬೆಳಿಗ್ಗೆ ಎಚ್ಚರವಾದಾಗ ಸ್ಕ್ರೂಜ್ ಮೊದಲು ತಬ್ಬಿಕೊಳ್ಳುವುದು ಅದೇ ಮಂಚದ ಪರದೆಯನ್ನು: ಕಿತ್ತಿಲ್ಲ, ಉಂಗುರಗಳೂ ಇವೆ!

ಈಗ ನಾನು ಮೊದಲೇ ಹೇಳಿದ ಮಾತಿಗೆ ಬರುತ್ತೇನೆ. ಕ್ರಿಸ್‌ಮಸ್ ಬೆಳಿಗ್ಗೆ ಸ್ಕ್ರೂಜ್‌ಗೆ ಬೀದಿಯಲ್ಲಿ ಹಿಂದಿನ ದಿನ ಚಂದಾ ಕೇಳಲು ಬಂದಿದ್ದ ಮಹನೀಯರಲ್ಲಿ ಒಬ್ಬರು ಸಿಗುತ್ತಾರೆ. ಅವರ ಕಿವಿಯಲ್ಲಿ ಒಂದು ಮೊತ್ತ ಹೇಳುತ್ತಾನೆ. ಅವರಿಗೆ ನಂಬಲಾಗುವುದಿಲ್ಲ. ಒಂದು ಫಾರ್ದಿಂಗ್ ಕೂಡ ಕಡಿಮೆಯಿಲ್ಲ, ಇದರಲ್ಲಿ ಹಿಂದಿನ ಬಾಕಿಗಳು ಬಹಳಷ್ಟು ಸೇರಿವೆ ಎನ್ನುತ್ತಾನೆ. ಹಿಂದಿನ ಬಾಕಿಗಳು! ಮನಸ್ಸು ಬದಲಾದರೂ ಅವನ ಭಾಷೆ ಲೆಕ್ಕದ ಭಾಷೆಯಾಗಿಯೇ ಉಳಿದಿದೆ, ಮತ್ತು ಆ ಭಾಷೆ ಅವನ ಬಾಯಲ್ಲಿ ಸತ್ಯವಾದದ್ದು ಅಂದೇ ಮೊದಲು. ನಿನ್ನೆ ಚುಕ್ತಾ ಎಂದಿದ್ದ ಖಾತೆಯನ್ನು ಇವತ್ತು ತೆರೆದು ಸಾಲಗಾರನ ಜಾಗದಲ್ಲಿ ತನ್ನ ಹೆಸರು ಬರೆದುಕೊಂಡಿದ್ದಾನೆ. ದಾನ ಕೊಡುವವನು ಮೇಲೆ ನಿಂತಿರುತ್ತಾನೆ, ತೆಗೆದುಕೊಳ್ಳುವವನು ಕೆಳಗೆ ಕೈಯೊಡ್ಡಿರುತ್ತಾನೆ. ಬಾಕಿ ಕೊಡುವವನು ತಲೆ ತಗ್ಗಿಸಿ ಕೊಡಬೇಕು. ಸ್ಕ್ರೂಜ್ ಹಾಗೆ ಕೊಟ್ಟ. ಇನ್ನೊಂದನ್ನೂ ಗಮನಿಸಿ: ಹದಿನೈದು ಶಿಲಿಂಗ್, ಹಾಫ್ ಕ್ರೌನ್ ಎಂದು ಚಿಲ್ಲರೆಯನ್ನೂ ಬಿಡದೆ ಹೇಳುವ ಡಿಕನ್ಸ್, ಕಿವಿಯಲ್ಲಿ ಉಸುರಿದ ಆ ಮೊತ್ತ ಎಷ್ಟೆಂದು ನಮಗೆ ಹೇಳುವುದಿಲ್ಲ. ಬಾಬ್‌ನ ಸಂಬಳ ಎಷ್ಟಕ್ಕೆ ಏರಿತೆಂದೂ ಹೇಳುವುದಿಲ್ಲ.

ಹಿಂಬಾಕಿಯನ್ನು ದಾನ ಎಂದು ಕರೆದಾಗ ಆಗುವ ನೋವು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನು ದುಡಿಯುತ್ತಿದ್ದಲ್ಲಿ ಮೂರು ವರ್ಷ ಯಾರಿಗೂ ವಾರ್ಷಿಕ ಬಡ್ತಿಯ ಹಣ ಬರಲಿಲ್ಲ. ಆಮೇಲೆ ಒಂದು ಹಬ್ಬದ ಹಿಂದಿನ ದಿನ ಯಜಮಾನರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಲಕೋಟೆ ಹಂಚಿದರು. ಅದರಲ್ಲಿದ್ದದ್ದು ನಮ್ಮದೇ ಹಣ, ಅದೂ ಪೂರ್ತಿಯಲ್ಲ. ಎಲ್ಲರೂ ಕೈಮುಗಿದರು, ನಾನೂ ಮುಗಿದೆ. ಸಂಜೆ ವೋಚರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ವಿವರದ ಅಂಕಣದಲ್ಲಿ ‘ಬಡ್ತಿ ಹಿಂಬಾಕಿ’ ಎಂದು ಬರೆದು ಸಹಿಗೆ ಒಯ್ದೆ. ಅವರು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, ‘ಹಬ್ಬದ ಉಡುಗೊರೆ ಎಂದು ಬರೆಯಮ್ಮ’ ಎಂದರು. ಹೊಸ ವೋಚರ್ ತೆಗೆದುಕೊಂಡು ಹಾಗೆಯೇ ಬರೆದೆ. ಹಣ ಅಷ್ಟೇ, ದಿನಾಂಕ ಅದೇ; ಎರಡು ಪದ ಬದಲಾದದ್ದರಿಂದ ನಮ್ಮ ಹಕ್ಕು ಅವರ ದೊಡ್ಡತನವಾಯಿತು. ಇಷ್ಟು ವರ್ಷವಾದರೂ ಆ ಕೆಂಪು ಗೆರೆ ನನ್ನ ಕಣ್ಣಿಂದ ಮರೆಯಾಗಿಲ್ಲ. ನಿಮ್ಮ ಲೇಖಕರು ಸ್ಕ್ರೂಜ್‌ನ ವಿಷಯದಲ್ಲಿ, ಒಳ್ಳೆಯ ಮನಸ್ಸಿನಿಂದಲೇ, ಅದೇ ಗೆರೆ ಎಳೆದಿದ್ದಾರೆ. ಆದ್ದರಿಂದ ಈ ಪತ್ರ.

ಪುಸ್ತಕದ ಹೊರಗಿನ ಲೆಕ್ಕವೂ ಸ್ವಲ್ಪ ಹೇಳಬೇಕು. 1843ರ ಡಿಸೆಂಬರ್ 19ರಂದು ಇದು ಪ್ರಕಟವಾಯಿತು. ಡಿಕನ್ಸ್‌ಗೆ ಆಗ ಹಣದ ಅಗತ್ಯ ತೀವ್ರವಾಗಿತ್ತು. ಹಾಗಿದ್ದರೂ ಅಂಚಿಗೆ ಚಿನ್ನದ ಬಣ್ಣ, ಜಾನ್ ಲೀಚ್ ರಚಿಸಿ ಕೈಯಿಂದ ಬಣ್ಣ ತುಂಬಿಸಿದ ನಾಲ್ಕು ಚಿತ್ರಗಳು, ಹೀಗೆ ಚೆಂದವಾಗಿಯೇ ಮಾಡಿಸಿ, ಬೆಲೆಯನ್ನು ಮಾತ್ರ 5 ಶಿಲಿಂಗ್‌ಗೆ ನಿಲ್ಲಿಸಿದ. ಮೊದಲ ಮುದ್ರಣದ 6000 ಪ್ರತಿಗಳು ಕ್ರಿಸ್‌ಮಸ್‌ಗೆ ಮುಂಚೆಯೇ ಖರ್ಚಾದವು. 1000 ಪೌಂಡ್ ಬರುತ್ತದೆಂದು ಎಣಿಸಿದ್ದವನಿಗೆ ಅದರಿಂದ ಬಂದದ್ದು 230 ಪೌಂಡ್. ಮರುತಿಂಗಳೇ ಒಬ್ಬ ಪ್ರಕಾಶಕ ಕಥೆಯನ್ನು ಕದ್ದು 2 ಪೆನ್ಸ್‌ಗೆ ಮಾರಿದ. ಡಿಕನ್ಸ್ ನ್ಯಾಯಾಲಯಕ್ಕೆ ಹೋಗಿ ಗೆದ್ದ. ಸೋತವರು ದಿವಾಳಿ ಎಂದು ಕೈಯೆತ್ತಿದ್ದರಿಂದ 700 ಪೌಂಡ್ ಖರ್ಚು ಗೆದ್ದವನ ತಲೆಗೇ ಬಂತು.

ಆ 5 ಶಿಲಿಂಗ್ ಎಂದರೆ ಬಾಬ್ ಕ್ರ್ಯಾಚಿಟ್‌ನ ವಾರದ ಸಂಬಳದ ಮೂರನೆಯ ಒಂದು ಪಾಲು. ತನ್ನ ಕಥೆಯನ್ನು ತಾನೇ ಕೊಂಡು ಓದಲು ಬಾಬ್‌ಗೆ ಸಾಧ್ಯವಿರಲಿಲ್ಲ. ಇದನ್ನು ಹಿಡಿದುಕೊಂಡು ಲೇಖಕನನ್ನು ಜರೆಯುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಬಾಬ್‌ನ ವರ್ಷದ ಸಂಬಳ 39 ಪೌಂಡ್ ಆಗುತ್ತದೆ. 1824ರಲ್ಲಿ ಡಿಕನ್ಸ್‌ನ ತಂದೆ ಸಾಲಗಾರರ ಜೈಲು ಮಾರ್ಷಲ್‌ಸೀ ಸೇರಿದ್ದು 40 ಪೌಂಡ್ 10 ಶಿಲಿಂಗ್ ಸಾಲಕ್ಕೆ. ಆಗ ಹನ್ನೆರಡರ ಹುಡುಗ ಚಾರ್ಲ್ಸ್ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಕಾಗದ ಅಂಟಿಸಿ ವಾರಕ್ಕೆ 6 ಶಿಲಿಂಗ್ ಸಂಪಾದಿಸಿದ. ಕಥೆಯಲ್ಲಿ ಬಾಬ್‌ನ ಮಗ ಪೀಟರ್‌ಗೆ ನೋಡಿಟ್ಟಿರುವ ಕೆಲಸಕ್ಕೆ ಐದೂವರೆ ಶಿಲಿಂಗ್. ಇವು ಊಹೆಯಿಂದ ಬಂದ ಅಂಕಿಗಳಲ್ಲ, ಹಸಿವಿನಿಂದ ಕಲಿತವು. ಹತ್ತು ವರ್ಷದ ಮೇಲೆ, 1853ರ ಡಿಸೆಂಬರ್ ಕೊನೆಯಲ್ಲಿ, ಬರ್ಮಿಂಗ್‌ಹ್ಯಾಮ್ ಟೌನ್ ಹಾಲ್‌ನಲ್ಲಿ ಡಿಕನ್ಸ್ ಈ ಕಥೆಯನ್ನು ಸಾರ್ವಜನಿಕವಾಗಿ ಓದಿದ. ಒಂದು ಸಂಜೆಯನ್ನು ದುಡಿಯುವ ಜನರಿಗೇ ಮೀಸಲಿಡಬೇಕು, ಅವರಿಗೆ ಪ್ರವೇಶ 6 ಪೆನ್ಸ್ ಇರಬೇಕು ಎಂದು ಒತ್ತಾಯಿಸಿ ಅದನ್ನು ನಡೆಸಿಕೊಟ್ಟ. ಅದೂ ನನ್ನ ಕಣ್ಣಿಗೆ ಒಂದು ಹಿಂಬಾಕಿಯೇ.

ಇನ್ನೊಂದು ವಿನಂತಿ. ಲೇಖನದ ಮೇಲಿನ ಸಣ್ಣ ಶೀರ್ಷಿಕೆಯಲ್ಲಿ ‘ಸ್ಕ್ರೂಜ್‌ಗಳು’ ಎಂಬ ಪದವನ್ನು ಜಿಪುಣರು ಎಂಬ ಅರ್ಥದಲ್ಲಿ ಬಳಸಿದ್ದೀರಿ. ಇಂಗ್ಲಿಷ್ ನಿಘಂಟುಗಳೂ ಹಾಗೆಯೇ ಹೇಳುತ್ತವೆ, ನಿಜ. ಆದರೆ ಆ ಹೆಸರಿನವನು ಐದನೆಯ ಭಾಗದಲ್ಲಿ ಬೇರೆಯೇ ಮನುಷ್ಯನಾಗಿ ಎದ್ದು ನಿಂತಿದ್ದಾನೆ, ಟೈನಿ ಟಿಮ್‌ಗೆ ಎರಡನೆಯ ತಂದೆಯಾಗಿದ್ದಾನೆ. ಬದಲಾದವನ ಹೆಸರನ್ನು ಬದಲಾಗದವರಿಗೆ ಇಡುವುದು ನ್ಯಾಯವೇ? ಮಾರ್ಲಿ ಎಂದರೆ ಬೇಕಿದ್ದರೆ ಒಪ್ಪಬಹುದು.

ನಿಮ್ಮ ಲೇಖಕರು ಟರ್ಕಿ ಕೋಳಿಯ ಪ್ರಸಂಗದಲ್ಲಿ ನಿಲ್ಲಿಸಿದ್ದಾರೆ. ದಯವಿಟ್ಟು ಇನ್ನೆರಡು ಪುಟ ಮುಂದೆ ಹೋಗಿ, ಹಬ್ಬದ ಮರುದಿನದ ಕಚೇರಿಯವರೆಗೆ ಓದಿ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ. ಮೊದಲ ಭಾಗದಲ್ಲಿ ಬಾಗಿಲ ಬಳಿ ಹಾಡು ಹೇಳಲು ಬಂದ ಹುಡುಗನನ್ನು ಓಡಿಸಲು ಸ್ಕ್ರೂಜ್ ರೂಲುದೊಣ್ಣೆ ಎತ್ತಿಕೊಂಡಿದ್ದ. ಬಾಬ್‌ನ ಒಲೆಯಲ್ಲಿ ಒಂದೇ ಕೆಂಡದಷ್ಟು ಬೆಂಕಿ; ಕಲ್ಲಿದ್ದಲಿನ ಪೆಟ್ಟಿಗೆ ಯಜಮಾನನ ಕೋಣೆಯಲ್ಲಿ, ಕೇಳಲು ಹೋದರೆ ಕೆಲಸ ಹೋಗುವ ಭಯ. ಬಾಬ್ ಬಿಳಿ ಮಫ್ಲರ್ ಸುತ್ತಿಕೊಂಡು ಮೇಣದ ಬತ್ತಿಯಲ್ಲಿ ಕೈ ಕಾಯಿಸಿಕೊಳ್ಳಲು ನೋಡುತ್ತಿದ್ದ. ಈಗ ಹಬ್ಬದ ಮರುದಿನ ಅವನು ಹದಿನೆಂಟೂವರೆ ನಿಮಿಷ ತಡವಾಗಿ ಬಂದಿದ್ದಾನೆ. ಸ್ಕ್ರೂಜ್ ಗಡಿಯಾರ ನೋಡುತ್ತಾ ಕುಳಿತಿದ್ದಾನೆ. ಇನ್ನು ಇದನ್ನು ಸಹಿಸುವುದಿಲ್ಲ ಎಂದು ಹಳೆಯ ದನಿಯಲ್ಲೇ ಗುಡುಗಿ, ಆದ್ದರಿಂದ ನಿನ್ನ ಸಂಬಳ ಹೆಚ್ಚಿಸುತ್ತಿದ್ದೇನೆ ಎನ್ನುತ್ತಾನೆ. ಬಾಬ್ ನಡುಗುತ್ತಾ ಅದೇ ರೂಲುದೊಣ್ಣೆಯ ಹತ್ತಿರ ಸರಿಯುತ್ತಾನೆ. ಯಜಮಾನನಿಗೆ ಹುಚ್ಚು ಹಿಡಿದಿದೆ, ಕೆಡವಿ ಹಿಡಿದುಕೊಂಡು ಜನರನ್ನು ಕೂಗಬೇಕು ಎಂದು ಅವನ ಯೋಚನೆ. ಸ್ಕ್ರೂಜ್ ಅವನ ಬೆನ್ನು ತಟ್ಟುತ್ತಾನೆ. ಮೊದಲು ಬೆಂಕಿ ಹೆಚ್ಚಿಸು, ಇನ್ನೊಂದು ಅಕ್ಷರ ಬರೆಯುವ ಮೊದಲು ಹೋಗಿ ಮತ್ತೊಂದು ಕಲ್ಲಿದ್ದಲಿನ ಪೆಟ್ಟಿಗೆ ಕೊಂಡು ಬಾ ಎನ್ನುತ್ತಾನೆ.

ಇಂತಿ ತಮ್ಮ ಓದುಗರಲ್ಲಿ ಒಬ್ಬಳು,
ಲೆಕ್ಕ ಬರೆದು ನಿವೃತ್ತಳಾದವಳು